ಈಗ ತೆರೆದಿದೆಯಾ, ಪಾರ್ಸೆಲ್ ಸಿಗುತ್ತಾ?

ಹೋಟೆಲಿನ ವೆಬ್‌ಸೈಟ್ ತೆರೆಯುವವರಲ್ಲಿ ಹೆಚ್ಚಿನವರಿಗೆ ಆಗಲೇ ಹಸಿವಾಗಿರುತ್ತದೆ. ಇಲ್ಲವೇ ಹಸಿದವರೊಬ್ಬರು ಪಕ್ಕದಲ್ಲೇ ಕೂತು 'ಏನಾಯ್ತು?' ಎಂದು ಕೇಳುತ್ತಿರುತ್ತಾರೆ. ಹೋಟೆಲಿನ ಹೆಸರು ಗೊತ್ತು, ಅಲ್ಲಿಯದೇ ತಿನ್ನಬೇಕೆಂದು ಮನಸ್ಸೂ ಮಾಡಿಯಾಗಿದೆ. ಉಳಿದಿರುವುದು ನಾಲ್ಕಾರು ಪ್ರಶ್ನೆ: ಈಗ ತೆರೆದಿದೆಯಾ, ಏನೇನಿದೆ, ಎಷ್ಟಾಗುತ್ತದೆ, ಮನೆಗೆ ಕಳಿಸುತ್ತಾರಾ, ಯಾವ ನಂಬರಿಗೆ ಫೋನ್ ಮಾಡಬೇಕು. ಪರದೆಯ ಮೇಲೆ ನಿಧಾನಕ್ಕೆ ಮೂಡುವುದು ಮಾತ್ರ ಹಬೆಯಾಡುವ ಬಟ್ಟಲಿನ ವಿಡಿಯೊ. ಅದು ಮುಗಿದರೆ 'ನಮ್ಮ ಪಯಣ'. ಅದರ ಕೆಳಗೆ ಒಳಾಂಗಣದ ಫೋಟೊಗಳ ಸಾಲು. ನಡುವೆ, ಇಮೇಲ್ ವಿಳಾಸ ಕೊಡಿ ಎಂಬ ಚೌಕವೊಂದು ಅಡ್ಡ ಬರುತ್ತದೆ; ಅದನ್ನು ಮುಚ್ಚುವ ಇಂಟು ಗುರುತು ಬೆರಳ ತುದಿಗಿಂತ ಚಿಕ್ಕದು. ಮೆನು ಹುಡುಕಿದರೆ ಡೌನ್‌ಲೋಡ್ ಮಾಡಿಕೊಳ್ಳಬೇಕಾದ ಪಿಡಿಎಫ್. ಫೋನ್ ನಂಬರು ಪುಟದ ಕಟ್ಟಕಡೆಗೆ, ತೆಳು ಬೂದು ಬಣ್ಣದಲ್ಲಿ, ಚಿತ್ರದ ಒಳಗೆ. ಒತ್ತಿದರೆ ಕರೆ ಹೋಗುವುದಿಲ್ಲ.

ಈ ಗೊಣಗಾಟ ಹೊಸದಲ್ಲ. ರೆಸ್ಟೋರೆಂಟ್‌ಗಳ ವೆಬ್‌ಸೈಟ್‌ಗಳು ಇಷ್ಟು ಕೆಟ್ಟದಾಗಿರುವುದೇಕೆ ಎಂದು ಫರ್ಹಾದ್ ಮಂಜೂ ಅಮೆರಿಕದ 'ಸ್ಲೇಟ್' ಪತ್ರಿಕೆಯಲ್ಲಿ ಒಂದಿಡೀ ಲೇಖನ ಬರೆದದ್ದು 2011ರ ಆಗಸ್ಟ್‌ನಲ್ಲಿ. ಆಗಿನ ಖಳನಾಯಕ ಫ್ಲ್ಯಾಶ್ ಎಂಬ ತಂತ್ರಾಂಶ. ಪುಟ ತೆರೆದ ಕೂಡಲೇ ಕೇಳದೆಯೇ ಸಂಗೀತ ಶುರುವಾಗುತ್ತಿತ್ತು, ಅಕ್ಷರಗಳು ತೇಲಿ ಬರುತ್ತಿದ್ದವು, ವಿಳಾಸವನ್ನು ಕಾಪಿ ಮಾಡಲು ಹೋದರೆ ಆಗುತ್ತಿರಲಿಲ್ಲ. ಐಫೋನ್‌ನಲ್ಲಂತೂ ಫ್ಲ್ಯಾಶ್ ಓಡುತ್ತಲೇ ಇರಲಿಲ್ಲ. ಓಡಿಸುವ ಉದ್ದೇಶವೂ ಇಲ್ಲವೆಂದು ಸ್ಟೀವ್ ಜಾಬ್ಸ್ 2010ರ ಏಪ್ರಿಲ್‌ನಲ್ಲಿ ಬಹಿರಂಗ ಪತ್ರ ಬರೆದರು. ಹೀಗಾಗಿ ಬೀದಿಯಲ್ಲಿ ನಿಂತು ಊಟಕ್ಕೆ ಜಾಗ ಹುಡುಕುತ್ತಿದ್ದವರಿಗೆ, ಅಂದರೆ ಹೋಟೆಲಿಗೆ ಎಲ್ಲರಿಗಿಂತ ಹತ್ತಿರದಲ್ಲಿದ್ದ ಗಿರಾಕಿಗೆ, ಕಾಣುತ್ತಿದ್ದದ್ದು ಬರೀ ಖಾಲಿ ಚೌಕ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ಫ್ಲ್ಯಾಶ್‌ಗೆ ಮಂಗಳ ಹಾಡಿತು. ಸಂಗೀತ ನಿಂತಿತು, ಚಾಳಿ ನಿಲ್ಲಲಿಲ್ಲ.

ಮೊದಮೊದಲು ಹೀಗಿರಲಿಲ್ಲ ಎಂಬುದೇ ಸೋಜಿಗ. 1994ರಲ್ಲಿ, ವೆಬ್ ಎಂಬ ಹೆಸರನ್ನು ಜನ ಇನ್ನೂ ಸರಿಯಾಗಿ ಕೇಳಿರದ ಕಾಲದಲ್ಲಿ, ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್ ಎಂಬ ಕಡಲತೀರದ ಊರಿನಲ್ಲಿ ಪಿಜ್ಜಾ ಹಟ್ ಕಂಪನಿ 'ಪಿಜ್ಜಾನೆಟ್' ಎಂಬ ಪ್ರಯೋಗ ಮಾಡಿತು. ಅದೇ ಊರಿನ ಸಾಂತಾ ಕ್ರೂಸ್ ಆಪರೇಷನ್ ಎಂಬ ತಂತ್ರಾಂಶ ಸಂಸ್ಥೆ ಜೊತೆಗಿತ್ತು. ಬೂದು ಹಿನ್ನೆಲೆಯ ಮೊದಲ ಪುಟದಲ್ಲಿ ಇದ್ದದ್ದು ಮೂರು ಖಾಲಿ ಜಾಗ: ಹೆಸರು, ಮನೆ ವಿಳಾಸ, ಫೋನ್ ನಂಬರು. ತುಂಬಿ ಮುಂದಕ್ಕೆ ಹೋದರೆ ಯಾವ ಪಿಜ್ಜಾ ಬೇಕೆಂದು ಆರಿಸಬಹುದಿತ್ತು. ಆರ್ಡರ್ ಸಾವಿರಾರು ಕಿಲೋಮೀಟರ್ ಆಚೆ, ಕನ್ಸಾಸ್ ರಾಜ್ಯದ ವಿಚಿಟಾದಲ್ಲಿದ್ದ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ತಿರುಗಿ ಸಾಂತಾ ಕ್ರೂಸ್‌ನ ಅಂಗಡಿಗೇ ಬರುತ್ತಿತ್ತು. ಸುತ್ತುಬಳಸಿನ ದಾರಿ ನಿಜ. ಆದರೆ ಆ ಸುತ್ತು ಗಿರಾಕಿಯ ಕಣ್ಣಿಗೆ ಬೀಳುತ್ತಿರಲಿಲ್ಲ. ಮೂವತ್ತು ವರ್ಷ ಕಳೆದ ಮೇಲೆ, ಮಾರ್ಗವೆಲ್ಲ ಮಿಂಚಿನ ವೇಗ ಪಡೆದ ಮೇಲೆ, ಸುತ್ತಾಟವೆಲ್ಲ ಗಿರಾಕಿಯ ಪಾಲಿಗೆ ಬಂದಿದೆ.

ಯಾಕೆ ಹೀಗೆ? ಒಂದು ಕಾರಣ, ವೆಬ್‌ಸೈಟ್ ಒಪ್ಪಿಗೆಯಾಗುವ ಜಾಗ. ಡಿಸೈನರ್ ಅದನ್ನು ತೋರಿಸುವುದು ದೊಡ್ಡ ಪರದೆಯಲ್ಲಿ, ಒಳ್ಳೆಯ ವೈಫೈ ಇರುವ ಕೋಣೆಯಲ್ಲಿ. ನೋಡುವ ಮಾಲೀಕರಿಗೆ ಹಸಿವಾಗಿರುವುದಿಲ್ಲ. ಅವರಿಗೆ ತಮ್ಮ ಹೋಟೆಲಿನ ವೇಳೆ ಗೊತ್ತು, ವಿಳಾಸ ಗೊತ್ತು, ದೋಸೆಯ ಬೆಲೆ ಬಾಯಿಪಾಠ. ಗೊತ್ತಿರುವುದನ್ನೇ ಪುಟದ ನೆತ್ತಿಯಲ್ಲಿ ನೋಡಿದರೆ ಕೊಟ್ಟ ದುಡ್ಡಿಗೆ ಏನೂ ಮಾಡಿಲ್ಲವೆಂದು ಅನಿಸುವುದು ಸಹಜ. ವಿಡಿಯೊ ಓಡಿದರೆ, ತಾತ ಹೋಟೆಲ್ ತೆರೆದ ಕಥೆ ಬಂದರೆ, ಕೆಲಸ ಆಗಿದೆ ಎಂದು ಕಾಣುತ್ತದೆ. ಇದು ಹೋಟೆಲುಗಳಿಗಷ್ಟೇ ತಗುಲಿದ ರೋಗವೂ ಅಲ್ಲ. 2010ರಲ್ಲಿ ರ‍್ಯಾಂಡಲ್ ಮನ್ರೋ ತಮ್ಮ 'ಎಕ್ಸ್‌ಕೆಸಿಡಿ' ವ್ಯಂಗ್ಯಚಿತ್ರದಲ್ಲಿ ವಿಶ್ವವಿದ್ಯಾಲಯಗಳ ವೆಬ್‌ಸೈಟನ್ನು ಎರಡು ವೃತ್ತಗಳಲ್ಲಿ ಬರೆದಿದ್ದರು. ಮುಖಪುಟದಲ್ಲಿ ಇರುವುದು ಒಂದು ವೃತ್ತ, ಜನ ಹುಡುಕಿಕೊಂಡು ಬರುವುದು ಇನ್ನೊಂದು. ಎರಡೂ ಕೂಡುವ ಜಾಗದಲ್ಲಿ ಇದ್ದದ್ದು ಸಂಸ್ಥೆಯ ಪೂರ್ತಿ ಹೆಸರು ಮಾತ್ರ.

ಬೆಂಗಳೂರಿನವರು ಈ ವಿಷಯದಲ್ಲಿ ಹೊರಗಿನ ಗುರುಗಳನ್ನು ಹುಡುಕಬೇಕಾಗಿಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತು. ಅದರ ಹಿಂದಿದ್ದದ್ದು ಆರ್. ಪ್ರಭಾಕರ್ ಅವರ ಯೋಚನೆ. ಆಮೇಲೆ ಗಲ್ಲಿಗೊಂದರಂತೆ ಹುಟ್ಟಿದ ದರ್ಶಿನಿಗಳು ಹೋಟೆಲಿನಿಂದ ಕುರ್ಚಿ ತೆಗೆದವು, ಮಾಣಿಯನ್ನು ತೆಗೆದವು, ಕೈಗೆ ಕೊಡುವ ಮೆನು ಪುಸ್ತಕವನ್ನೂ ತೆಗೆದವು. ಉಳಿದದ್ದು ಕ್ಯಾಶ್ ಕೌಂಟರಿನ ಮೇಲಿನ ಬೋರ್ಡು. ತಿಂಡಿಯ ಹೆಸರು, ಎದುರಿಗೆ ಬೆಲೆ. ದುಡ್ಡು ಕೊಟ್ಟರೆ ಟೋಕನ್, ಟೋಕನ್ ಕೊಟ್ಟರೆ ತಟ್ಟೆ. ಮಧ್ಯಾಹ್ನ ಮುಗಿದ ಮೇಲೆ ಬೋರ್ಡಿನಲ್ಲಿದ್ದ ಬಿಸಿಬೇಳೆ ಬಾತ್ ಖಾಲಿಯಾಗಿದ್ದರೆ ಗಲ್ಲಾದಲ್ಲಿ ಕೂತವರು ದುಡ್ಡು ತೆಗೆದುಕೊಳ್ಳುವ ಮೊದಲೇ ಹೇಳುತ್ತಾರೆ. ಹಿಂದೆ ಸರತಿಯಲ್ಲಿ ನಿಂತವರಿಗೂ ಅದು ಕೇಳಿಸುತ್ತದೆ. ಅದಕ್ಕೂ ಹಿಂದಿನ ಉಡುಪಿ ಹೋಟೆಲುಗಳಲ್ಲಿ ಮಾಣಿಯೇ ಮೆನು: ಇಡ್ಲಿಯಿಂದ ಹಿಡಿದು ಕೇಸರಿಬಾತಿನವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿ, ಆ ಹೊತ್ತಿಗೆ ಇಲ್ಲದ್ದನ್ನು ತಾನೇ ಬಿಟ್ಟು ಹೇಳುತ್ತಿದ್ದ. ಇಂಥ ಪರಂಪರೆಯಿದ್ದ ಊರಿನಲ್ಲೇ ಹೋಟೆಲಿನ ವೆಬ್‌ಸೈಟ್‌ಗಳು ದೋಸೆಯ ಬೆಲೆಯನ್ನು ಮೂರು ಕ್ಲಿಕ್ಕಿನಾಚೆ ಬಚ್ಚಿಡುತ್ತಿವೆ.

ವೇಳೆಯ ವಿಷಯವನ್ನು ನೋಡಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಲಾಲ್‌ಬಾಗ್ ಬಳಿಯ ಎಂ.ಟಿ.ಆರ್.ಗೆ ಸೋಮವಾರ. ಬಸವನಗುಡಿಯವರಿಗೆ ಇದು ಹುಟ್ಟಿನಿಂದಲೇ ಗೊತ್ತು. ಕಲಬುರಗಿಯಿಂದ ಬಂದವರಿಗೆ, ರಜೆಗೆ ಊರಿಗೆ ಬಂದ ಅಮೆರಿಕದ ಕನ್ನಡಿಗರಿಗೆ, ಆಟೊ ಇಳಿದು ಮುಚ್ಚಿದ ಬಾಗಿಲು ಕಂಡಾಗಲೇ ಗೊತ್ತಾಗುವುದು. ವಾರದ ರಜೆಯಾದರೂ ಯಾರಾದರೂ ಹೇಳಿಯಾರು. ಮಧ್ಯಾಹ್ನದ ಊಟಕ್ಕೂ ಸಂಜೆಯ ತಿಂಡಿಗೂ ನಡುವೆ ಅಡುಗೆಮನೆ ಮುಚ್ಚುವ ಹೊತ್ತು, ರಾತ್ರಿ ಕೊನೆಯ ಆರ್ಡರ್ ತೆಗೆದುಕೊಳ್ಳುವ ವೇಳೆ, ಆಯುಧಪೂಜೆಯ ದಿನ ಎಷ್ಟು ಗಂಟೆಯವರೆಗೆ ಎಂಬುದೆಲ್ಲ ಅಲ್ಲಿ ಕೆಲಸ ಮಾಡುವವರಿಗೆ ಮಾತ್ರ ಗೊತ್ತಿರುವ ಸಂಗತಿ. 'ರಾತ್ರಿ ಹತ್ತರವರೆಗೆ' ಎಂದು ಬರೆದು ಒಂಬತ್ತೂವರೆಗೆ ಒಲೆ ಆರಿಸುವ ಹೋಟೆಲು ಗಿರಾಕಿಗೆ ಸುಳ್ಳು ಹೇಳಿದಂತೆಯೇ. ಅದು ಉದ್ದೇಶಪೂರ್ವಕವಲ್ಲ ಎಂಬುದು ಹೊಟ್ಟೆಗೆ ಸಮಾಧಾನ ತರುವುದಿಲ್ಲ.

ಬೆಲೆ ಇನ್ನೂ ನಾಜೂಕಿನ ವಿಷಯ. ಮೆನುವಿನಲ್ಲಿ ಬೆಲೆಯನ್ನೇ ಹಾಕದ ವೆಬ್‌ಸೈಟ್‌ಗಳಿವೆ. ಪದೇ ಪದೇ ಬದಲಾಗುತ್ತದೆ ಎಂಬುದು ಮಾಲೀಕರ ನೆಪ. ಆದರೆ ಗೋಡೆಯ ಬೋರ್ಡಿನಲ್ಲಿ ಬದಲಾಯಿಸುತ್ತಾರಲ್ಲ. ಬೆಲೆ ಹಾಕಿದ್ದರೂ ಅದು ಕೊನೆಯ ಮೊತ್ತವಲ್ಲ. ಸಾಮಾನ್ಯ ರೆಸ್ಟೋರೆಂಟ್‌ಗಳ ಊಟತಿಂಡಿಗೆ ಶೇ. 5ರಷ್ಟು ಜಿಎಸ್‌ಟಿ ಇದೆ, ಪಾರ್ಸೆಲ್ ಆದರೆ ಡಬ್ಬಿಯ ಚಾರ್ಜು, ಕಳಿಸಿಕೊಡಬೇಕಾದರೆ ದೂರದ ಲೆಕ್ಕ. ಒಂದೊಂದೂ ಸಣ್ಣ ಮೊತ್ತವೇ. ಎಲ್ಲ ಆರಿಸಿ, ವಿಳಾಸ ತುಂಬಿ, ದುಡ್ಡು ಕಟ್ಟುವ ಪುಟಕ್ಕೆ ಬಂದ ಮೇಲೆ ಒಟ್ಟಿಗೆ ಎದುರಾದರೆ ಮಾತ್ರ ಮೋಸ ಹೋದಂತಾಗುತ್ತದೆ. ಹೀಗೆ ಬೆಲೆಯನ್ನು ಹನಿಹನಿಯಾಗಿ ತೋರಿಸುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ 'ಡಾರ್ಕ್ ಪ್ಯಾಟರ್ನ್' ಎಂದೇ ಗುರುತಿಸಿದೆ. ಅದರಲ್ಲಿ ಹೆಸರಿಸಿರುವ 13 ಬಗೆಯ ವಂಚನೆಗಳಲ್ಲಿ ಗಿರಾಕಿಗೆ ಹೇಳದೆ ಬುಟ್ಟಿಗೆ ಏನನ್ನೋ ಸೇರಿಸುವುದೂ ಒಂದು. 'ಬಡ ಮಕ್ಕಳಿಗಾಗಿ 3 ರೂಪಾಯಿ' ಎಂಬ ಗುರುತು ಮೊದಲೇ ಬಿದ್ದಿರುವ ಚೌಕವನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು.

ಹೇಳಬೇಕಾದದ್ದನ್ನೆಲ್ಲ ಹೇಳಿಯೂ ಕೈಗೆ ಸಿಗದಂತೆ ಮಾಡುವ ಉಪಾಯವೂ ಇದೆ. ಅದು ಪಿಡಿಎಫ್. ಪಿಡಿಎಫ್ ಕಾಗದಕ್ಕೆ ಅಚ್ಚು ಹಾಕಲು ಒಳ್ಳೆಯದು, ಪರದೆಯಲ್ಲಿ ಓದಲು ಯೋಗ್ಯವಲ್ಲ ಎಂದು ಬಳಕೆಯ ಅನುಕೂಲಗಳ ತಜ್ಞ ಜೇಕಬ್ ನೀಲ್ಸನ್ 2003ರಲ್ಲೇ ಖಡಾಖಂಡಿತವಾಗಿ ಬರೆದಿದ್ದರು. ಆಗ ಫೋನಿನಲ್ಲಿ ಯಾರೂ ಮೆನು ಓದುತ್ತಿರಲಿಲ್ಲ. ಈಗ ಎ-3 ಅಳತೆಯ ಎರಡು ಅಂಕಣದ ಮೆನುವನ್ನು ಅಂಗೈಯಗಲದ ಪರದೆಯಲ್ಲಿ ಹಿಗ್ಗಿಸಿ, ಎಡಕ್ಕೆ ತಳ್ಳಿ ಹೆಸರು ಓದಿ, ಬಲಕ್ಕೆ ತಳ್ಳಿ ಬೆಲೆ ಓದುವುದು ದಿನನಿತ್ಯದ ಕಸರತ್ತು. ಕೋವಿಡ್ ಕಾಲದಲ್ಲಿ ಮೇಜಿಗೆ ಅಂಟಿದ ಕ್ಯೂಆರ್ ಕೋಡಿನ ಹಿಂದೆಯೂ ಅಡಗಿರುವುದು ಬಹುಮಟ್ಟಿಗೆ ಇದೇ ಪಿಡಿಎಫ್. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿ ಕಾರಿನ ಬಿಡಿಭಾಗಗಳನ್ನು ಬೇಗ ಗುರುತಿಸಲೆಂದು ಕ್ಯೂಆರ್ ಕೋಡ್ ಹುಟ್ಟುಹಾಕಿತ್ತು. ಬೇಗ ಎಂಬ ಗುಣ ಹೋಟೆಲಿಗೆ ಬರುವಾಗ ದಾರಿಯಲ್ಲೆಲ್ಲೋ ಉದುರಿಹೋಯಿತು.

ಕನ್ನಡದ ಮೆನುವಿಗೆ ಇನ್ನೊಂದು ತೊಡಕು. ಬಹಳಷ್ಟು ಹೋಟೆಲುಗಳ ಮೆನು ತಯಾರಾಗುವುದು ಡಿಟಿಪಿ ಅಂಗಡಿಯಲ್ಲಿ, 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟುಗಳಲ್ಲಿ. ಅಚ್ಚಿಗೆ ಅದು ಸುಂದರ. ಆದರೆ ಯೂನಿಕೋಡ್ ಅಲ್ಲದ ಆ ಅಕ್ಷರಗಳನ್ನು ಹಾಗೇ ವೆಬ್‌ಗೆ ತಂದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಆಗ ಡಿಸೈನರ್ ಸುಲಭದ ದಾರಿ ಹಿಡಿದು ಇಡೀ ಪುಟವನ್ನು ಚಿತ್ರ ಮಾಡಿ ಹಾಕುತ್ತಾರೆ, ಇಲ್ಲವೇ ಕನ್ನಡವನ್ನೇ ಕೈಬಿಡುತ್ತಾರೆ. ಚಿತ್ರದಲ್ಲಿರುವ 'ನೀರ್ ದೋಸೆ'ಯನ್ನು ಆ ಪುಟದಲ್ಲಿ ಹುಡುಕಲು ಬಾರದು, ಬೇರೆ ಭಾಷೆಗೆ ತಿರುಗಿಸಿ ಓದುವುದು ಕಷ್ಟ, ಬೆಲೆ ಬದಲಾದರೆ ಮತ್ತೆ ಡಿಟಿಪಿ ಅಂಗಡಿಗೇ ಹೋಗಬೇಕು. ಅದೇ ಹೆಸರನ್ನು ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿದ್ದರೆ, ಕನ್ನಡದಲ್ಲೇ ಹುಡುಕುವವರಿಗೆ ಹೋಟೆಲು ಸಿಗುತ್ತಿತ್ತು.

ದೃಷ್ಟಿಯಿಲ್ಲದವರಿಗೆ ಚಿತ್ರದ ಮೆನು ಇದ್ದೂ ಇಲ್ಲದಂತೆ. ಅವರು ಫೋನ್, ಕಂಪ್ಯೂಟರ್ ಬಳಸುವುದು ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ. ಉಚಿತವಾಗಿ ಸಿಗುವ ಇ-ಸ್ಪೀಕ್ ಕನ್ನಡವನ್ನೂ ಓದುತ್ತದೆ. ಆದರೆ ಓದಲು ಅಲ್ಲಿ ಅಕ್ಷರ ಇರಬೇಕು. ಅಮೆರಿಕದಲ್ಲಿ ಇದು ನ್ಯಾಯಾಲಯದ ಮೆಟ್ಟಿಲು ಹತ್ತಿತು. ಡಾಮಿನೋಸ್‌ನ ವೆಬ್‌ಸೈಟ್ ಮತ್ತು ಆ್ಯಪ್ ಎರಡೂ ತನ್ನ ಓದುವ ತಂತ್ರಾಂಶಕ್ಕೆ ದಕ್ಕದ್ದರಿಂದ ಪಿಜ್ಜಾ ತರಿಸಲಾಗಲಿಲ್ಲ ಎಂದು ಅಂಧ ಗ್ರಾಹಕರೊಬ್ಬರು 2016ರಲ್ಲಿ ದಾವೆ ಹೂಡಿದರು. 2019ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ, ಅಂಗವಿಕಲರ ಹಕ್ಕಿನ ಕಾನೂನು ಅಂಗಡಿಯ ಬಾಗಿಲಿನಂತೆಯೇ ಅದರ ವೆಬ್‌ಸೈಟ್‌ಗೂ ಅನ್ವಯಿಸುತ್ತದೆ ಎಂದಿತು. ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು; ಅದೇ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಆ ಅರ್ಜಿಯನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ವೆಬ್‌ಸೈಟ್ ಸರಿಪಡಿಸುವುದಕ್ಕಿಂತ ವಕೀಲರನ್ನು ಹಿಡಿಯುವುದೇ ಸಲೀಸೆಂದು ಕಂಡ ಕಂಪನಿಯ ಲೆಕ್ಕಾಚಾರ ವಿಚಿತ್ರವೇ ಸರಿ.

ಇಷ್ಟೆಲ್ಲ ಆಗಿಯೂ ಹೋಟೆಲುಗಳು ನಡೆಯುತ್ತಲೇ ಇವೆಯಲ್ಲ ಎಂದು ಯಾರಾದರೂ ಕೇಳಬಹುದು. ನಡೆಯುತ್ತಿವೆ. ಆದರೆ ಅವು ಕೊಡದೆ ಬಿಟ್ಟ ಮಾಹಿತಿಯನ್ನು ಬೇರೆಯವರು ಕೊಟ್ಟು, ಅದರಿಂದಲೇ ಸಾಮ್ರಾಜ್ಯ ಕಟ್ಟಿದ್ದಾರೆ. ದೀಪಿಂದರ್ ಗೋಯಲ್ ಮತ್ತು ಪಂಕಜ್ ಚಡ್ಡಾ ದೆಹಲಿಯಲ್ಲಿ ಬೇನ್ ಕಂಪನಿಯ ಉದ್ಯೋಗಿಗಳಾಗಿದ್ದಾಗ ಕಂಡದ್ದು, ಊಟದ ಹೊತ್ತಿಗೆ ಸಹೋದ್ಯೋಗಿಗಳು ಕಾಗದದ ಮೆನುಗಳಿಗಾಗಿ ಕಾಯುವುದನ್ನು. ಅವರು ಆ ಮೆನುಗಳನ್ನು ಸ್ಕ್ಯಾನ್ ಮಾಡಿ ವೆಬ್‌ಗೆ ಹಾಕಿದರು. 2008ರಲ್ಲಿ 'ಫುಡೀಬೇ' ಎಂಬ ಹೆಸರಿನಿಂದ ಶುರುವಾಗಿ 2010ರಲ್ಲಿ 'ಜೊಮ್ಯಾಟೊ' ಆದದ್ದು ಇದೇ. ಮೊದಲ ವರ್ಷಗಳಲ್ಲಿ ಅಲ್ಲಿ ಊಟ ತಂದುಕೊಡುವ ಹುಡುಗರಿರಲಿಲ್ಲ. ಇದ್ದದ್ದು ಮೆನು, ವಿಳಾಸ, ಫೋನ್ ನಂಬರು, ಜೊತೆಗೆ ತಿಂದವರ ಅಭಿಪ್ರಾಯ. ಹೋಟೆಲುಗಳು ತಾವೇ ಒಂದು ಪುಟದಲ್ಲಿ ಹಾಕಬಹುದಾಗಿದ್ದ ಸಂಗತಿಗಳು! 2014ರಲ್ಲಿ ಬೆಂಗಳೂರಿನ ಕೋರಮಂಗಲದಿಂದ ಸ್ವಿಗ್ಗಿ ಹೊರಟಿತು. ಅಷ್ಟರಲ್ಲಿ ಹೋಟೆಲಿನ ಹೆಸರು ಹುಡುಕುವವರು ಹೋಟೆಲಿನ ವೆಬ್‌ಸೈಟಿಗೆ ಹೋಗುವ ರೂಢಿಯೇ ತಪ್ಪಿತ್ತು.

ಆ ರೂಢಿ ತಪ್ಪಿದ್ದಕ್ಕೆ ಈಗ ಹೋಟೆಲುಗಳು ಊಟ ತಲುಪಿಸುವ ಈ ಆ್ಯಪ್‌ಗಳಿಗೆ ಕಮಿಷನ್ ತೆರುತ್ತಿವೆ. ಒಂದೊಂದು ಆರ್ಡರಿನಲ್ಲಿ ಶೇ. 20ರಿಂದ 30ರವರೆಗೂ ಹೋಗುತ್ತದೆಂಬುದು ರೆಸ್ಟೋರೆಂಟ್ ಮಾಲೀಕರ ಬಹುಕಾಲದ ದೂರು. ರಾಷ್ಟ್ರೀಯ ರೆಸ್ಟೋರೆಂಟ್ ಸಂಘ 2021ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಮೊರೆ ಹೋಯಿತು. 2022ರ ಏಪ್ರಿಲ್‌ನಲ್ಲಿ ಆಯೋಗ ಜೊಮ್ಯಾಟೊ, ಸ್ವಿಗ್ಗಿ ಎರಡೂ ಕಂಪನಿಗಳ ವ್ಯವಹಾರದ ಬಗ್ಗೆ ತನಿಖೆಗೆ ಆದೇಶಿಸಿತು. ಆ್ಯಪ್‌ಗಳು ಮಾಡುವ ಕೆಲಸ ಸಣ್ಣದೆಂದಲ್ಲ. ಸಾವಿರಾರು ಸವಾರರನ್ನು ನಡೆಸುವುದು ಒಂದು ಹೋಟೆಲಿನ ಕೈಯಲ್ಲಾಗದ ಮಾತು. ಆದರೆ ಎದುರಿನ ಬೀದಿಯವರು, ತಾವೇ ಬಂದು ಪಾರ್ಸೆಲ್ ಒಯ್ಯಲು ತಯಾರಿದ್ದವರು, ಬರೀ ಫೋನ್ ನಂಬರು ಸಿಗದ ಕಾರಣಕ್ಕೆ ಆ್ಯಪ್ ತೆರೆದರೆ ಆ ಕಮಿಷನ್ ಬರೀ ದಂಡ.

ಅಮೆರಿಕದಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಯಿತು. ಗ್ರಬ್‌ಹಬ್ ಎಂಬ ಆ್ಯಪ್ ಕಂಪನಿ ರೆಸ್ಟೋರೆಂಟ್‌ಗಳ ಹೆಸರನ್ನೇ ಹೋಲುವ 23,000ಕ್ಕೂ ಹೆಚ್ಚು ವೆಬ್ ವಿಳಾಸಗಳನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡಿದ್ದದ್ದು 2019ರಲ್ಲಿ ಬಯಲಾಯಿತು. ಒಪ್ಪಂದದಲ್ಲೇ ಇದಕ್ಕೆ ಅವಕಾಶವಿತ್ತೆಂಬುದು ಕಂಪನಿಯ ಸಮರ್ಥನೆ. ಹೋಟೆಲಿನದೇ ವೆಬ್‌ಸೈಟ್ ಎಂದುಕೊಂಡು ಅಲ್ಲಿ ಆರ್ಡರ್ ಕೊಟ್ಟವರಿಗೆ ನಡುವೆ ಮೂರನೆಯವರೊಬ್ಬರು ಕೂತಿರುವುದು ತಿಳಿಯುವುದು ಸುಲಭವಿರಲಿಲ್ಲ. ನಮ್ಮಲ್ಲಿ ಖಾಲಿ ಬಿಟ್ಟ ಜಾಗಕ್ಕೆ ನುಗ್ಗುವವರು ಕೆಲವೊಮ್ಮೆ ಕಂಪನಿಗಳೂ ಅಲ್ಲ, ನೇರ ಕಳ್ಳರು. ಹೆಸರಾಂತ ಹೋಟೆಲಿನ ಹೆಸರಿನಲ್ಲಿ ತಮ್ಮ ಮೊಬೈಲ್ ನಂಬರು ಹಾಕಿ, ಆರ್ಡರಿಗೆಂದು ಕರೆ ಮಾಡಿದವರಿಂದ ಮುಂಗಡದ ನೆಪದಲ್ಲಿ ಕಾರ್ಡಿನ ವಿವರ, ಒಟಿಪಿ ಕಸಿಯುವವರ ಬಗ್ಗೆ ಹಲವು ನಗರಗಳ ಸೈಬರ್ ಪೊಲೀಸರು ಎಚ್ಚರಿಸುತ್ತಲೇ ಬಂದಿದ್ದಾರೆ. ನಿಜವಾದ ನಂಬರು ಹೋಟೆಲಿನ ಸ್ವಂತ ಪುಟದ ಮೊದಲ ಸಾಲಿನಲ್ಲೇ ಇದ್ದರೆ ಹೋಲಿಸಿ ನೋಡಲಾದರೂ ಆಧಾರವಿರುತ್ತದೆ.

ಹಾಗಾದರೆ ಚಂದದ ಫೋಟೊ, ಹೋಟೆಲಿನ ಇತಿಹಾಸ ಏನೂ ಬೇಡವೇ? ಬೇಕು. ಮದುವೆ ವಾರ್ಷಿಕೋತ್ಸವಕ್ಕೆ ಜಾಗ ಹುಡುಕುವವರಿಗೆ ಒಳಾಂಗಣ ಹೇಗಿದೆ ಎಂಬುದೇ ಮುಖ್ಯ. ಎಂಟು ದಶಕ ದಾಟಿದ ಹೋಟೆಲಿನ ಕಥೆ ಓದಲು ಸೊಗಸಾಗಿಯೇ ಇರುತ್ತದೆ, ಬೇಕಾದವರು ಕೆಳಗಿಳಿದು ಓದುತ್ತಾರೆ. ತಕರಾರು ಇರುವುದು ಅನುಕ್ರಮದ ಬಗ್ಗೆ, ತೂಕದ ಬಗ್ಗೆ. ಫೋನಿನಲ್ಲಿ ಪುಟ ತೆರೆಯಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಶೇ. 53ರಷ್ಟು ಭೇಟಿಗಳು ಅಲ್ಲಿಗೇ ಮುರಿದು ಬೀಳುತ್ತವೆ ಎಂದು ಗೂಗಲ್‌ನ ಡಬಲ್‌ಕ್ಲಿಕ್ ವಿಭಾಗ 2016ರಲ್ಲಿ ವರದಿ ಮಾಡಿತ್ತು. ಅಕ್ಷರಗಳಷ್ಟೇ ಇರುವ ಮೆನು ಇಷ್ಟು ಹೊತ್ತು ತೆಗೆದುಕೊಳ್ಳುವುದೇ ಇಲ್ಲ. ನಂಬರನ್ನು ಒತ್ತಿದರೆ ಕರೆ ಹೋಗುವಂತೆ ಮಾಡಲು ಬೇಕಾದದ್ದು ಒಂದೇ ಸಾಲಿನ ಕೋಡ್. ಹೋಟೆಲಿನ ವೇಳೆ, ವಿಳಾಸ, ಮೆನುಗಳನ್ನು ಸರ್ಚ್ ಎಂಜಿನ್‌ಗಳಿಗೆ ಅರ್ಥವಾಗುವ ರೀತಿಯಲ್ಲಿ ಬರೆಯಲು ಗೂಗಲ್, ಮೈಕ್ರೊಸಾಫ್ಟ್, ಯಾಹೂ ಸೇರಿ 2011ರಲ್ಲೇ 'ಸ್ಕೀಮಾ ಡಾಟ್ ಆರ್ಗ್' ಎಂಬ ಸಾಮಾನ್ಯ ಪದ್ಧತಿ ರೂಪಿಸಿವೆ. ಅದನ್ನು ಬಳಸಿದರೆ 'ಈಗ ತೆರೆದಿದೆಯೇ' ಎಂಬುದಕ್ಕೆ ಉತ್ತರ ಪುಟ ತೆರೆಯುವ ಮೊದಲೇ ಸಿಗುವ ಸಾಧ್ಯತೆಯಿದೆ.

ಸಣ್ಣ ಹೋಟೆಲು, ಖಾನಾವಳಿಗಳಿಗೆ ವೆಬ್‌ಸೈಟೇ ಬೇಡದಿರಬಹುದು. ಗೂಗಲ್ ನಕ್ಷೆಯಲ್ಲಿ ಸರಿಯಾದ ವೇಳೆ ಮತ್ತು ನಂಬರು, ವಾಟ್ಸ್‌ಆ್ಯಪ್‌ನಲ್ಲಿ ಬೆಲೆಪಟ್ಟಿ ಇದ್ದರೆ ಹಲವರಿಗೆ ಅಷ್ಟೇ ಸಾಕು. ಎರಡನ್ನೂ ಗಲ್ಲಾದಲ್ಲಿ ಕೂತೇ ಫೋನಿನಿಂದ ತಿದ್ದಬಹುದು. ವೆಬ್‌ಸೈಟ್ ಇದ್ದವರ ಪಾಡು ಬೇರೆ. ಅದರ ಪಾಸ್‌ವರ್ಡ್ ಎಂದೋ ಮಾಡಿಕೊಟ್ಟು ಹೋದ ಡಿಸೈನರ್ ಬಳಿ ಇರುತ್ತದೆ. ಡೊಮೇನ್ ಕೂಡ ಅವರ ಹೆಸರಿನಲ್ಲೇ ನೋಂದಣಿಯಾಗಿರುತ್ತದೆ. ದೋಸೆಗೆ ಐದು ರೂಪಾಯಿ ಏರಿದ ದಿನ ಗೋಡೆಯ ಬೋರ್ಡು ಬದಲಾಗುತ್ತದೆ, ವೆಬ್‌ಸೈಟಿನಲ್ಲಿ ಹಳೆಯ ಬೆಲೆಯೇ ಉಳಿಯುತ್ತದೆ. ಹಾಗಾಗಿ ಹೊಸ ವೆಬ್‌ಸೈಟ್ ಮಾಡಿಸುವ ಮಾಲೀಕರು ಬಣ್ಣ, ಫೋಟೊಗಳ ಮಾತಿಗೂ ಮುಂಚೆ ಕೇಳಬೇಕಾದ್ದು, ಡೊಮೇನ್ ಯಾರ ಹೆಸರಿನಲ್ಲಿರುತ್ತದೆ, ಬೆಲೆಯನ್ನೂ ರಜೆಯನ್ನೂ ಕ್ಯಾಶಿಯರ್ ತಾನೇ ಬದಲಾಯಿಸಬಹುದೇ ಎಂದು. ಯುಗಾದಿಗೆ ಹೋಳಿಗೆ ಬೇಕಾದವರು ಎಷ್ಟು ದಿನ ಮೊದಲು ಹೇಳಬೇಕು, ಮುಂಗಡ ಎಷ್ಟು, ಎಷ್ಟು ಗಂಟೆಗೆ ಬಂದು ಒಯ್ಯಬೇಕು ಎಂಬ ಮೂರು ಸಾಲನ್ನು ಹಬ್ಬಕ್ಕೆ ಮೊದಲು ಕ್ಯಾಶಿಯರೇ ಹಾಕಿ, ಹಬ್ಬ ಮುಗಿದ ಮೇಲೆ ಅವರೇ ತೆಗೆಯುವಂತಿರಬೇಕು.